ಮಿಲ್ವಾಕಿಯ ದೊರೆಗಳಿಗೊಂದು ಬಿನ್ನಹ

ಹಾರ್ಲೆ-ಡೇವಿಡ್‌ಸನ್ ಕಂಪನಿಯ ಮಹನೀಯರೇ,

ನೂರು ಸಿಸಿ ಬೈಕಿನ ಮೇಲೆ ಹೆಂಡತಿ, ಮಗು, ತರಕಾರಿ ಚೀಲ, ಹಾಲಿನ ಪ್ಯಾಕೆಟ್ಟುಗಳ ಸಮೇತ ಸಂಸಾರ ಸಾಗಿಸುತ್ತಿರುವ ಬೆಂಗಳೂರಿನ ಸವಾರನೊಬ್ಬ ಬರೆದುಕೊಳ್ಳುವ ಪತ್ರವಿದು. ನಮ್ಮಂಥ ಗಿರಾಕಿ ಹತ್ತಿರವೂ ಸುಳಿಯದಂತೆ ನೋಡಿಕೊಳ್ಳುವ ಕಲೆಯಲ್ಲಿ ತಾವು ಗಳಿಸಿರುವ ಪರಿಣತಿಗೆ ಅಭಿನಂದನೆ ಹೇಳದಿದ್ದರೆ ಕೃತಘ್ನತೆಯಾದೀತು.

ಈ ವಿದ್ಯೆ ತಮಗೆ ಹುಟ್ಟಿನಿಂದ ಬಂದದ್ದಲ್ಲ. 1903ರಲ್ಲಿ ಅಮೆರಿಕದ ಮಿಲ್ವಾಕಿಯ ಒಂದು ಮರದ ಶೆಡ್ಡಿನಲ್ಲಿ ಶುರುವಾದ ಮನೆತನ ತಮ್ಮದು. ಎರಡನೇ ಮಹಾಯುದ್ಧ ಮುಗಿದ ಮೇಲೆ 125 ಸಿಸಿಯ ಪುಟ್ಟ ಟೂ-ಸ್ಟ್ರೋಕ್ ಬೈಕನ್ನೂ ಮಾರಿದ್ದಿರಿ. ಇಟಲಿಯ ಏರ್ಮಾಕಿ ಕಂಪನಿಯ ಜೊತೆ ಸೇರಿ 250 ಸಿಸಿಯ ಸ್ಪ್ರಿಂಟ್ ಮಾರಿದಿರಿ. ಎಳೆಯ ಹುಡುಗರಿಗೆ ಕೈಗೆಟುಕುವ ಗಾಡಿ ಕೊಡುವಂಥ ಅಗ್ಗದ ಚಾಳಿ ತಮಗೂ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. 1978ರಲ್ಲಿ ಆ ಇಟಲಿಯ ಸಹವಾಸವನ್ನೂ ಬಿಟ್ಟು ಶುದ್ಧರಾದಿರಿ.

ಅಷ್ಟು ಹೊತ್ತಿಗೆ ಜಪಾನಿನವರು ಅಮೆರಿಕದ ಮನೆಮನೆಗೆ ನುಗ್ಗಿಯಾಗಿತ್ತು. ತಾವು ಸರ್ಕಾರದ ಮೊರೆ ಹೊಕ್ಕಿರಿ. 1983ರಲ್ಲಿ ಅಧ್ಯಕ್ಷ ರೇಗನ್ ಸಾಹೇಬರು 700 ಸಿಸಿ ಮೀರಿದ ಆಮದು ಬೈಕುಗಳ ಮೇಲೆ ಭಾರಿ ಸುಂಕ ಜಡಿದರು. ಜಪಾನಿನವರು ಗಲಾಟೆ ಮಾಡದೆ ಎಂಜಿನ್ ಅನ್ನು 699 ಸಿಸಿಗೆ ಇಳಿಸಿಕೊಂಡು ಬಂದರು. ಅವರಿಗೆ ಗೊತ್ತಿದ್ದದ್ದು ಗಿರಾಕಿಯ ಮನೆ, ತಮಗೆ ಗೊತ್ತಿದ್ದದ್ದು ವಾಷಿಂಗ್ಟನ್ನಿನ ಮನೆ.

1994ರಲ್ಲಿ ತಮ್ಮ ಎಂಜಿನ್ನಿನ ಗುಡುಗುಡು ಸದ್ದಿಗೇ ಟ್ರೇಡ್‌ಮಾರ್ಕ್ ಬೇಕೆಂದು ಅರ್ಜಿ ಹಾಕಿ, ಆರು ವರ್ಷ ಗುದ್ದಾಡಿ, 2000ದಲ್ಲಿ ಕೈಬಿಟ್ಟಿರಿ. ದೊಡ್ಡ ಉಪಕಾರವಾಯಿತು. ಇಲ್ಲದಿದ್ದರೆ ನಮ್ಮ ಗಲ್ಲಿಯಲ್ಲಿ ಸೈಲೆನ್ಸರ್ ತೂತಾದ ಸ್ಕೂಟರುಗಳಿಗೆಲ್ಲ ಮಿಲ್ವಾಕಿಯಿಂದ ನೋಟಿಸ್ ಬರುತ್ತಿತ್ತು.

ಇನ್ನು ನಮ್ಮ ತಮ್ಮ ಋಣಾನುಬಂಧ. ನಮ್ಮ ಮಾವಿನ ಹಣ್ಣು ಅಮೆರಿಕಕ್ಕೆ, ತಮ್ಮ ಬೈಕು ಭಾರತಕ್ಕೆ ಎಂದು 2007ರಲ್ಲಿ ಎರಡು ಸರ್ಕಾರಗಳು ಕೈಕುಲುಕಿದವು. ಶೋರೂಮುಗಳು ತೆರೆದವು, ಹರಿಯಾಣದ ಬಾವಲ್‌ನಲ್ಲಿ ಕಾರ್ಖಾನೆಯೂ ಬಂತು. 2014ರಲ್ಲಿ ಸುಮಾರು 4 ಲಕ್ಷ ರೂಪಾಯಿಗೆ ಸ್ಟ್ರೀಟ್ 750 ಇಳಿಸಿ, ಇದೇ ನಿಮ್ಮಂಥವರ ಹಾರ್ಲೆ ಎಂದಿರಿ. ನಮ್ಮಂಥವರು ಅಂದರೆ ಯಾರೆಂದು ತಮಗೆ ಹೇಳಿಕೊಟ್ಟವರನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ. 2020ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಗೆ ಬೀಗ ಹಾಕುತ್ತೇವೆಂದು ಘೋಷಿಸಿದಿರಿ. ಸಾಲ ಮಾಡಿ ಶೋರೂಮ್ ಕಟ್ಟಿದ ಡೀಲರುಗಳು, ಸ್ಪೇರ್ ಪಾರ್ಟ್ಸ್ ಎಲ್ಲಿಂದ ತರುವುದೆಂದು ತಲೆ ಮೇಲೆ ಕೈ ಹೊತ್ತ ಮಾಲೀಕರು ಇಲ್ಲೇ ಉಳಿದರು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಮಾವಿಗೂ ಅನ್ವಯಿಸುತ್ತದೆ ಎಂದು ಅಂದು ಗೊತ್ತಾಯಿತು.

ಭಾನುವಾರ ಬೆಳಗ್ಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ನಿಂತು ನೋಡಿ. ದೊಡ್ಡ ಗಾಡಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಇಳಿದವರು ಚರ್ಮದ ಜಾಕೆಟ್ಟಿನ ಜಿಪ್ಪು ಬಿಚ್ಚಿ ಬೆವರು ಒರೆಸಿಕೊಳ್ಳುತ್ತಾರೆ. ಬೆಣ್ಣೆ ಕರಗುವ ಮೊದಲು ಇಡ್ಲಿಯ ಫೋಟೊ, ಆಮೇಲೆ ಇಡ್ಲಿ ಹಿಡಿದುಕೊಂಡು ಬೈಕಿನ ಜೊತೆ ಫೋಟೊ. ಸಪ್ಲೈಯರ್ ಹುಡುಗ ಹೆಗಲ ಮೇಲಿನ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಬಗ್ಗಿ ಎಂಜಿನ್ ನೋಡಿ, ‘ಎಷ್ಟ್ ಕೊಡುತ್ತೆ ಸಾರ್?’ ಅನ್ನುತ್ತಾನೆ. ಸವಾರರು ಮುಖ ಮುಖ ನೋಡಿಕೊಂಡು ನಗುತ್ತಾರೆ.

ನಗಬೇಡಿ ಸ್ವಾಮಿ. ಲೀಟರಿಗೆ ಎಷ್ಟು ಎಂದು ಕೇಳುವವನು ಮನಸ್ಸಿನಲ್ಲಿ ಆಗಲೇ ಗಾಡಿ ಮನೆಗೆ ತಂದು ನಿಲ್ಲಿಸಿ, ತಿಂಗಳ ಖರ್ಚಿನ ಲೆಕ್ಕ ಹಾಕುತ್ತಿರುತ್ತಾನೆ. ಕೊಳ್ಳುವ ಶಕ್ತಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆಸೆ ಹುಟ್ಟುತ್ತದೆ. ಕೊಳ್ಳಲಾಗದವರು ಬಾಯಿ ಬಿಟ್ಟುಕೊಂಡು ನೋಡುವುದರಿಂದಲೇ ಕೊಂಡವನ ಗತ್ತು ಉಳಿಯುವುದು. ನೋಡುವವರೇ ಇಲ್ಲವಾದ ದಿನ ತಮ್ಮ ಗಾಡಿ ಬರೀ ಭಾರವಾದ ಕಬ್ಬಿಣ.

ತಾವು ಹೋದ ಮೇಲೆ ನಮ್ಮ ಹೀರೋ ಕಂಪನಿಯವರು ಹಾರ್ಲೆ ಎಂಬ ತಮ್ಮ ಹೆಸರನ್ನು ಒಂದೇ ಸಿಲಿಂಡರಿನ 440 ಸಿಸಿ ಗಾಡಿಗೆ ಅಂಟಿಸಿ, 2023ರಲ್ಲಿ 2.29 ಲಕ್ಷಕ್ಕೆ ಬಿಟ್ಟರು. ಸುಮಾರು ಒಂದು ತಿಂಗಳಲ್ಲಿ 25 ಸಾವಿರಕ್ಕೂ ಮೀರಿ ಬುಕಿಂಗ್ ಆಯಿತು. 2019-20ರಲ್ಲಿ ತಾವೇ ಅಂಗಡಿ ನಡೆಸುತ್ತಿದ್ದಾಗ ಇಡೀ ವರ್ಷಕ್ಕೆ 2,500 ಗಾಡಿಯೂ ಹೋಗಿರಲಿಲ್ಲ. ಭಾರತೀಯರಿಗೆ ಹಾರ್ಲೆ ಬೇಡ ಎಂದು ವರದಿ ಬರೆದುಕೊಟ್ಟ ಪಂಡಿತರಾರಾದರೂ ಇದ್ದರೆ ಅವರಿಗೊಂದು ಶಾಲು ಹೊದಿಸಿ.

ತಮ್ಮೂರಲ್ಲೂ ಇದೇ ಕಥೆ. ಹೊಸ ತಲೆಮಾರನ್ನು ಸೆಳೆಯಲೆಂದು 2019ರಲ್ಲಿ ಲೈವ್‌ವೈರ್ ಎಂಬ ಎಲೆಕ್ಟ್ರಿಕ್ ಬೈಕ್ ತಂದಿರಿ, ಬೆಲೆ 29,799 ಡಾಲರ್. ಆ ದುಡ್ಡಿಗೆ ಅಲ್ಲಿನ ಹುಡುಗರು ಕಾರನ್ನೇ ಕೊಳ್ಳುತ್ತಾರೆ. 2021ರಲ್ಲಿ, ಲಾಭ ಹೆಚ್ಚು ಬರುವ ದೊಡ್ಡ ಗಾಡಿಗಳ ಮೇಲೇ ಗಮನ ಎಂದು ಯೋಜನೆ ಹಾಕಿದಿರಿ. ಕೆಳಗಿನ ಮೆಟ್ಟಿಲು ಕಿತ್ತು, ಅಟ್ಟದ ಮೇಲೆ ಅಂಗಡಿ ಇಟ್ಟು, ಜನ ಯಾಕೆ ಹತ್ತಿ ಬರುತ್ತಿಲ್ಲ ಎಂದು ಕೇಳುತ್ತಾ ಕುಳಿತಿರಿ. ಕೊನೆಗೆ 2025ರಲ್ಲಿ, 6 ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಗಾಡಿ ತರುತ್ತೇವೆ, ಹೆಸರು ಸ್ಪ್ರಿಂಟ್ ಎಂದು ಹೇಳಿದಿರಿ. ಅದೇ ಹಳೆಯ ಸ್ಪ್ರಿಂಟ್! ಅಜ್ಜನ ಪೆಟ್ಟಿಗೆಯಲ್ಲಿ ಹುಡುಕಿದರೆ ಇನ್ನೂ ಬುದ್ಧಿ ಸಿಗಬಹುದು.

ಒಂದೇ ಬಿನ್ನಹ. ಡೈರೆಕ್ಟರುಗಳ ಮುಂದಿನ ಸಭೆಯನ್ನು ಬಿಡದಿಯಲ್ಲಿ ಇಟ್ಟುಕೊಳ್ಳಿ. ಇಡ್ಲಿ, ಕಾಫಿಯ ಖರ್ಚು ನನ್ನದು. ಕನ್ಸಲ್ಟೆಂಟುಗಳ ಫೀಸಿನ ಮುಂದೆ ಅದೇನು ಮಹಾ! ಹುಡುಗ ಮೈಲೇಜ್ ಕೇಳಿದಾಗ ಮಾತ್ರ ಸುಳ್ಳು ಹೇಳಬೇಡಿ. ಅವನು ಫೋನಿನಲ್ಲಿ ಆಗಲೇ ನೋಡಿಕೊಂಡಿರುತ್ತಾನೆ, ತಮಗೆ ಗೊತ್ತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿರುತ್ತಾನೆ.

ಇಂತಿ,
ತಮ್ಮ ಗ್ರಾಹಕನಾಗಲು ಸಿದ್ಧನಿದ್ದ, ತಾವು ಕೇಳದೇ ಬಿಟ್ಟ,
ಒಬ್ಬ ನೂರು ಸಿಸಿ ಸವಾರ