ಕರೆಂಟ್ ಕಾರಿಗೊಂದು ಕೊಡ ನೀರು

ಕಾರು ಕೊಳ್ಳುವವರೇ ಟೆಸ್ಟ್ ಡ್ರೈವ್ ಮಾಡಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿದ್ದರೆ ನಮ್ಮ ಕಡೆಯ ಶೋರೂಮುಗಳು ಅರ್ಧಕ್ಕರ್ಧ ಖಾಲಿ ಹೊಡೆಯುತ್ತಿದ್ದವು. ನಾನೂ ಆ ಪೈಕಿಯವನೇ. ಮನೆಯಲ್ಲಿರುವ ಪೆಟ್ರೋಲ್ ಕಾರಿಗೆ ಇನ್ನೂ ಆಯುಸ್ಸಿದೆ. ಮೇಷ್ಟರ ಪಿಂಚಣಿಗೆ ಹೊಸ ಸಾಲದ ಕಂತು ಹೊರುವ ತ್ರಾಣವಿಲ್ಲ. ಆದರೂ ದಾವಣಗೆರೆಯ ಶೋರೂಮೊಂದರಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಫೋನ್ ಮಾಡಿ, "ಮಾವ, ಹೊಸಾ ಎಲೆಕ್ಟ್ರಿಕ್ ಕಾರ್ ಬಂದೈತಿ. ತಾಲ್ಲೂಕುಗಳಿಗೆ ಡೆಮೊ ಒಯ್ಯಬೇಕು. ಎಲ್ಲಾ ಊರಾಗೂ ನಿಮ್ಮ ಹಳೇ ಶಿಷ್ಯರು ಅದಾರೆ. ಬರ್ರಿ, ಬೇಕಾದ್ರೆ ನೀವೇ ಓಡಿಸೀರಂತೆ" ಎಂದಾಗ ಬೇಡ ಎನ್ನುವ ಬುದ್ಧಿ ನನಗೆ ಬರಲಿಲ್ಲ. ಶಿಷ್ಯರನ್ನು ಗಿರಾಕಿ ಮಾಡಿಕೊಡುವುದು ಗುರುಧರ್ಮವೇ ಎಂಬ ಪ್ರಶ್ನೆ ಬಂತು ನಿಜ. ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಒಂದೇ ಜಿಲ್ಲೆಯವು ಎಂದು ಸರ್ಕಾರ ಹೇಳಿದ್ದರಿಂದ ನಾವೂ ನಂಬಿದ್ದೇವೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆಗ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಪಾಲು ತೆಗೆದುಕೊಂಡು ಬೇರೆ ಒಲೆ ಹೂಡಿತು. ಒಂದು ಕಡೆ ಭದ್ರಾ ನಾಲೆ, ಅಡಿಕೆ ತೋಟ. ಇನ್ನೊಂದು ಕಡೆ ಮೋಡ ನೋಡುತ್ತ ಕುಳಿತ ಜಗಳೂರು. ಒಂದು ಕಾರನ್ನು ಪರೀಕ್ಷೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇಡ. ಶೋರೂಮಿನಿಂದ ಮುಂದಿನ ಸರ್ಕಲ್‌ವರೆಗೆ ಹೋಗಿ ಬರುವ ಟೆಸ್ಟ್ ಡ್ರೈವ್‌ನಲ್ಲಿ ಸೀಟು ಮೆತ್ತಗಿದೆ ಎನ್ನುವುದರಾಚೆ ಏನೂ ತಿಳಿಯುವುದಿಲ್ಲ.

ಗಾಡಿ ಚಾಲೂ ಆಗಿದೆ ಎಂದು ಮೊದಲು ನಂಬುವುದೇ ಕಷ್ಟ. ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ. "ಮಾವ, ಈಗ ಆಫ್ ಮಾಡಿದ್ರಿ" ಎಂದ. ಮೂವತ್ತು ವರ್ಷ ಇಂಜಿನ್ನಿನ ಗುರಗುರ ಕೇಳಿ ರೂಢಿಯಾದ ಕಿವಿಗೆ ಈ ಮೌನ ಅನುಮಾನ ಹುಟ್ಟಿಸುತ್ತದೆ. ಅದಕ್ಕಿಂತ ಪಾಪ ಅನ್ನಿಸಿದ್ದು ನನ್ನ ಎಡಗಾಲು. ಕ್ಲಚ್ ಇಲ್ಲ. ಸ್ಪೀಡ್ ಬ್ರೇಕರ್ ಕಂಡಾಗಲೆಲ್ಲ ಅದು ಎದ್ದು ನಿಂತು ಇಲ್ಲದ ಪೆಡಲ್ ಹುಡುಕುತ್ತಿತ್ತು. ಸಂತೇಬೆನ್ನೂರು ದಾಟುವ ಹೊತ್ತಿಗೆ ಸುಮ್ಮನಾಯಿತು, ನಿವೃತ್ತಿಯ ಮೊದಲ ತಿಂಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಪ್ಯಾಂಟು ಹಾಕಿಕೊಂಡು ಕೂರುತ್ತಿದ್ದ ನಾನು ಆಮೇಲೆ ಸುಮ್ಮನಾದಂತೆ.

ಬಲಗಾಲಿಗೆ ಮಾತ್ರ ಬಡ್ತಿ ಸಿಕ್ಕಿದೆ. ಒತ್ತಿದರೆ ಕಾರು ಎದೆಗೆ ಗುದ್ದಿದ ಹಾಗೆ ಮುಂದಕ್ಕೆ ಹಾರುತ್ತದೆ, ಎತ್ತಿದರೆ ಬ್ರೇಕ್ ಮುಟ್ಟದೆಯೇ ನಿಧಾನವಾಗುತ್ತದೆ. ಹಾಗೆ ನಿಧಾನವಾಗುವಾಗ ಮೋಟರು ಉಲ್ಟಾ ಕೆಲಸ ಮಾಡಿ ಡೈನಮೋ ಆಗುತ್ತದೆ, ಓಟದ ರಭಸವೇ ಕರೆಂಟಾಗಿ ಬ್ಯಾಟರಿಗೆ ವಾಪಸ್ ಹೋಗುತ್ತದೆ ಎಂದು ಅಳಿಯ ವಿವರಿಸಿದ. ಕೊಟ್ಟದ್ದರಲ್ಲಿ ಸ್ವಲ್ಪವಾದರೂ ವಾಪಸ್ ಕೊಡುವ ಯಂತ್ರವನ್ನು ನಾನು ನೋಡಿದ್ದು ಅದೇ ಮೊದಲು.

ಚನ್ನಗಿರಿಯಲ್ಲಿ ನಮ್ಮ ಮೊದಲ ಗಿರಾಕಿ ನನ್ನ ಶಿಷ್ಯನಲ್ಲ, ಶಿಷ್ಯನ ಅಪ್ಪ. ಎಂಬತ್ತರ ಹತ್ತಿರದ ಯಜಮಾನರು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿದ್ದರು. ಕಾರು ನಿಲ್ಲಿಸಲು ಒಂದು ಮೂಲೆ ಬಿಟ್ಟುಕೊಟ್ಟರು. ಬಣ್ಣ ನೋಡಲಿಲ್ಲ, ಬಾಗಿಲು ಬಡಿದು ನೋಡಲಿಲ್ಲ. "ಬಾನೆಟ್ ಎತ್ತು" ಎಂದರು. ಬಗ್ಗಿ ನೋಡಿದರು. ಇಂಜಿನ್ ಇರಬೇಕಾದ ಜಾಗದಲ್ಲಿ ಪೆಟ್ಟಿಗೆಗಳು, ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳು.

"ಮೋಟ್ರು ಎಷ್ಟು ಎಚ್.ಪಿ.?"

"ನೂರರ ಮ್ಯಾಲೈತಿ ಅಜ್ಜಾರ" ಎಂದ ಅಳಿಯ.

ಯಜಮಾನರು ಬೆರಳು ಮಡಚಿದರು. "ನಮ್ಮ ಬೋರಿಂದು ಐದು. ಅಂದ್ರ ಇಪ್ಪತ್ತು ಬೋರಿನ ಮೋಟ್ರು ಇದರೊಳಗೈತಿ. ಇಷ್ಟು ಮೋಟ್ರಿಗೆ ತ್ರೀಫೇಸ್ ಎಲ್ಲಿಂದ ತರ್ತೀ?"

ಅಳಿಯನಿಗೆ ಶೋರೂಮಿನ ತರಬೇತಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಬ್ಯಾಟರಿ ನೇರ ವಿದ್ಯುತ್ತನ್ನು ಕೊಡುತ್ತದೆ, ಅದನ್ನು ಒಳಗಿನ ಇನ್ವರ್ಟರ್ ತ್ರೀಫೇಸ್ ಮಾಡಿ ಮೋಟರಿಗೆ ಹರಿಸುತ್ತದೆ ಎಂದು ಅವನು ತಡವರಿಸಿ ಹೇಳಿ ಮುಗಿಸುವಷ್ಟರಲ್ಲಿ ಯಜಮಾನರು ತಲೆಯಾಡಿಸಿದ್ದರು. "ಅಂದ್ರ ತ್ರೀಫೇಸು ಇದರ ಹೊಟ್ಟೆಯಾಗೇ ಹುಟ್ಟತತಿ. ಅದೃಷ್ಟವಂತ ಗಾಡಿ ಬಿಡು." ದಿನಕ್ಕೆ ಏಳು ಗಂಟೆ ತ್ರೀಫೇಸ್ ಕೊಡುತ್ತೇವೆ ಎಂಬ ಭರವಸೆಯ ಮೇಲೆ ತೋಟ ಕಾಪಾಡಿಕೊಂಡು ಬಂದವರು ಅವರು. ನಡುರಾತ್ರಿ ಎದ್ದು ಮೋಟರು ಚಾಲೂ ಮಾಡಿದವರು, ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ರಿಪೇರಿ ಮಾಡಿಸಿಕೊಂಡು ಬಂದವರು. ಯೂನಿಟ್ಟು, ಲೋಡು, ವೋಲ್ಟೇಜು ಅವರಿಗೆ ಹೊಸ ಮಾತಲ್ಲ. ಪೇಟೆಯವರು ಈಗ ಕಾರಿನ ನೆಪದಲ್ಲಿ ಕಲಿಯುತ್ತಿರುವ ಪಾಠವನ್ನು ಈ ಮಂದಿ ಪಂಪ್‌ಹೌಸಿನಲ್ಲಿ ಯಾವಾಗಲೋ ಪಾಸು ಮಾಡಿದ್ದಾರೆ.

ಆಮೇಲೆ ಲೆಕ್ಕ ಶುರುವಾಯಿತು. ಬ್ಯಾಟರಿ ತುಂಬಲು ಸುಮಾರು 40 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 240. ಕಾಗದದ ಮೇಲೆ 400 ಕಿ.ಮೀ. ಮೇಲೆ ಎಂದಿದೆ. ಅದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಚಕ್ರ ತಿರುಗಿಸಿ ಕೊಟ್ಟ ಅಂಕಿ. ಅಲ್ಲಿ ಗುಂಡಿಯೂ ಇಲ್ಲ, ಹಿಂದಿನ ಸೀಟಿನಲ್ಲಿ ಬೀಗರೂ ಇಲ್ಲ. ನಮ್ಮ ರಸ್ತೆಗೆ 250 ಎನ್ನಿ. ಕಿಲೋಮೀಟರಿಗೆ ರೂಪಾಯಿಗೂ ಕಡಿಮೆ. ಪೆಟ್ರೋಲ್ ಲೀಟರಿಗೆ ನೂರು ದಾಟಿರುವಾಗ ನನ್ನ ಹಳೆಯ ಕಾರು ಅಷ್ಟೇ ದೂರಕ್ಕೆ ಆರೇಳು ರೂಪಾಯಿ ಕುಡಿಯುತ್ತದೆ.

"ಗೃಹಜ್ಯೋತಿ ಐತಲ್ಲ, ಅದಕ್ಕ ಹಚ್ಚಿದ್ರ?" ಎಂದ ಶಿಷ್ಯ. ಮನೆಗೆ ಸರ್ಕಾರ ಕೊಡುವ ಆ ಪುಕ್ಕಟೆ ಕರೆಂಟಿನಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬೀಳುತ್ತದೆ. ಐದು ಸಲ ಕಾರು ತುಂಬಿಸಿದರೆ ಮನೆಯಲ್ಲಿ ದೀಪ ಹಚ್ಚುವ ಮೊದಲೇ 200 ಮುಗಿದಿರುತ್ತದೆ. "ಹಂಗಾದ್ರ ಪಂಪ್‌ಸೆಟ್ ಲೈನಿಗೆ?" 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆಯಾದರೂ ಅದರಲ್ಲಿ ಕಾರು ತುಂಬಿಸುವುದು ಕಾನೂನಿಗೆ ವಿರುದ್ಧ ಎಂದು ನಾನು ಮೇಷ್ಟರ ದನಿಯಲ್ಲಿ ಹೇಳಿದೆ. ಶಿಷ್ಯ ಒಂಬತ್ತನೇ ಕ್ಲಾಸಿನಲ್ಲಿ ನಗುತ್ತಿದ್ದ ಹಾಗೇ ನಕ್ಕ.

ಯಜಮಾನರಿಗೆ ಇಂಧನ ಬದಲಾಗುವುದೂ ಹೊಸತಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಿಲು ಗ್ಯಾಸಿನ ಬಸ್ಸುಗಳು ಓಡುತ್ತಿದ್ದುದನ್ನು ಅವರ ಅಪ್ಪ ಹೇಳುತ್ತಿದ್ದರಂತೆ. ಬಸ್ಸಿನ ಬೆನ್ನಿಗೆ ಬಾಯ್ಲರು, ಕ್ಲೀನರ್ ತಿದಿ ತಿರುಗಿಸಬೇಕು, ಹೊಗೆ ಸರಿಯಾಗಿ ಏಳುವವರೆಗೆ ಪ್ರಯಾಣಿಕರು ಎಲೆಯಡಿಕೆ ಹಾಕಿಕೊಂಡು ಕಾಯಬೇಕು. "ಅದಕ್ಕೆ ಹೋಲಿಸಿದ್ರ ನಿಂದು ಮೇಲು" ಎಂದು ಅಳಿಯನಿಗೆ ಸರ್ಟಿಫಿಕೇಟ್ ಕೊಟ್ಟರು.

ಸ್ವಲ್ಪ ಸುತ್ತಾದರೂ ಸೂಳೆಕೆರೆ ಏರಿಗೆ ಹೋಗಿ ನಿಂತೆವು. ಸರ್ಕಾರಿ ಕಾಗದದಲ್ಲಿ ಇದು ಶಾಂತಿಸಾಗರ. ಚಿತ್ರದುರ್ಗಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಅಳಿಯ ಕಾರಿನ ಫೋಟೊ ತೆಗೆದ. ಕೆರೆ ಹಿನ್ನೆಲೆಯಲ್ಲಿ ಬಂತು. ನಾನಾಗಿದ್ದರೆ ಕೆರೆಯ ಫೋಟೊ ತೆಗೆಯುತ್ತಿದ್ದೆ.

ಹೊನ್ನಾಳಿಯ ಹತ್ತಿರ ಈ ಮೌನದ ಇನ್ನೊಂದು ಮುಖ ಕಂಡಿತು. ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬ ನಡೆಯುವ ಸೀಮೆ ಇದು. ಹಳ್ಳಿಯೊಂದರ ತಿರುವಿನಲ್ಲಿ ಕೊಬ್ಬರಿ ಹೋರಿಯೊಂದನ್ನು ಹಿಡಿದುಕೊಂಡು ಒಬ್ಬ ನಡುರಸ್ತೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ನಾವು ಹಿಂದಿನಿಂದ ಹೋಗಿ ಮಾರು ದೂರದಲ್ಲಿ ನಿಂತೆವು. ಅವನಿಗೆ ಗೊತ್ತಾಗಲೇ ಇಲ್ಲ. ಹಾರ್ನ್ ಹಾಕೋಣವೆಂದರೆ ಹೋರಿಯ ಕೊಂಬು ನೋಡಿ ಧೈರ್ಯ ಬರಲಿಲ್ಲ. ಬೆದರುವುದನ್ನೇ ಕಸುಬು ಮಾಡಿಕೊಂಡ ಪ್ರಾಣಿ. ಕಡೆಗೆ ತಿರುಗಿ ನೋಡಿದ್ದು ಹೋರಿಯೇ. ಅದು ಕದಲಲಿಲ್ಲ, ಬೆದರಿದ್ದು ಮಾಲೀಕ. "ಏನ್ ಸ್ವಾಮಿ, ಕಳ್ಳರಂಗ ಬರ್ತೀರಿ!" ಎಂದು ಬೈದ. ಅವನ ಮಾತಿನಲ್ಲಿ ನ್ಯಾಯವಿತ್ತು. ಇದೇ ಕಾರಣಕ್ಕೆ ಯುರೋಪಿನಲ್ಲಿ 2021ರಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳೂ ನಿಧಾನಗತಿಯಲ್ಲಿ ಹೋಗುವಾಗ ಕೃತಕ ಸದ್ದು ಮಾಡಲೇಬೇಕೆಂಬ ನಿಯಮವಿದೆ. ನಾಯಿ, ಕರು, ಮಕ್ಕಳು, ರಸ್ತೆಯಲ್ಲೇ ಒಕ್ಕಣೆ ಹಾಕಿರುವ ಹೆಂಗಸರು ಇರುವ ನಮ್ಮ ದಾರಿಗಳಿಗೆ ಅದು ಇನ್ನೂ ಜರೂರು.

ನ್ಯಾಮತಿಯಲ್ಲಿ ಬೇಕರಿ ಮುಂದೆ ನಿಲ್ಲಿಸಿದಾಗ ಹುಡುಗರು ಮುತ್ತಿದರು. ಇಳಿಜಾರಿನಲ್ಲಿ ಬ್ಯಾಟರಿ ತುಂಬುತ್ತದೆ ಎಂದು ಕೇಳಿದ್ದೇ ಒಬ್ಬ, "ಹಂಗಾದ್ರ ತೀರ್ಥರಾಮೇಶ್ವರದ ಗುಡ್ಡದ ಮ್ಯಾಲೆ ಮನೆ ಕಟ್ಟಿಸಿದ್ರೆ ಆತು, ಚಾರ್ಜೇ ಬೇಡ" ಎಂದ. ಎಲ್ಲರೂ ನಕ್ಕರು. ಆದರೆ ಸ್ವಿಟ್ಜರ್‌ಲೆಂಡಿನ ಸುಣ್ಣಕಲ್ಲಿನ ಗಣಿಯೊಂದರಲ್ಲಿ ಇದು ನಡೆದಿದೆ. ಬ್ಯಾಟರಿಯ ದೊಡ್ಡ ಲಾರಿ ಖಾಲಿ ಮೇಲೆ ಹತ್ತುತ್ತದೆ, ಕಲ್ಲು ತುಂಬಿಕೊಂಡು ಇಳಿಯುತ್ತದೆ. ಇಳಿಯುವಾಗ ತುಂಬಿದ ಕರೆಂಟೇ ಹತ್ತುವುದಕ್ಕೆ ಸಾಕಾಗುತ್ತದೆ. ಗುಡ್ಡದ ಮೇಲಿನ ಮನೆಯವನು ದಿನಾ ಕೆಳಗೆ ಹೋಗುವಾಗ ಟನ್ನುಗಟ್ಟಲೆ ಕಲ್ಲು ಹೇರಿಕೊಂಡು ಹೋದರೆ ಅವನಿಗೂ ಸಾಧ್ಯ.

ಇದೆಲ್ಲ ಮೊನ್ನೆ ಮೊನ್ನೆ ಬಂದ ಸೋಜಿಗವೇನಲ್ಲ. ಗಂಟೆಗೆ 100 ಕಿ.ಮೀ. ವೇಗ ದಾಟಿದ ಮೊದಲ ಕಾರು, 1899ರಲ್ಲಿ, ಕರೆಂಟಿನದೇ. ನಮ್ಮ ಬೆಂಗಳೂರಿನಲ್ಲೇ ಚೇತನ್ ಮೈನಿಯವರ ರೇವಾ 2001ರಲ್ಲಿ ರಸ್ತೆಗಿಳಿದು, ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ಎಲೆಕ್ಟ್ರಿಕ್ ವಾಹನಗಳಿಗೆಂದೇ ದೇಶದಲ್ಲಿ ಮೊದಲು ನೀತಿ ಮಾಡಿದ್ದೂ ಕರ್ನಾಟಕವೇ, 2017ರಲ್ಲಿ. ನೀತಿ ಬೆಂಗಳೂರಿನಿಂದ ನ್ಯಾಮತಿ ಬೇಕರಿಯವರೆಗೆ ಬರುವುದಕ್ಕೆ ಮಾತ್ರ ತಡವಾಗಿದೆ.

ಜಗಳೂರಿನದು ಬೇರೆಯೇ ಕಥೆ. ಅಲ್ಲಿಗೆ ಹೊರಡುವ ಹಿಂದಿನ ರಾತ್ರಿ ಶೋರೂಮಿನಲ್ಲಿ ಚಾರ್ಜರನ್ನು ಬೇರೆ ಗಾಡಿಗೆ ಹಚ್ಚಿದ್ದರಂತೆ. ನಾವು ಹೊರಟಾಗ ಶೇ 38 ಇತ್ತು. "50 ಕಿಲೋಮೀಟರ್ ತಾನೇ ಮಾವ" ಎಂದ ಅಳಿಯ. ಬಿಸಿಲಿಗೆ ಎ.ಸಿ. ಹಾಕಿದೆವು. ಆನಗೋಡು, ಹೆದ್ದಾರಿ ಎಲ್ಲ ಬಿಟ್ಟು ಬಿಳಿಚೋಡಿನ ದಾರಿ ಹಿಡಿದೆವು. ಅದು ದಾಟುತ್ತಿದ್ದಂತೆ ದಿಗಂತದಲ್ಲಿ ಫ್ಯಾನುಗಳು ಕಂಡವು. ಗಾಳಿಯಂತ್ರಕ್ಕೆ ಇಲ್ಲಿನವರು ಹೇಳುವುದು ಫ್ಯಾನು ಎಂದೇ. ಗಾಳಿ ಜೋರಾಗಿರುವುದರಿಂದಲೇ ಅವನ್ನು ಅಲ್ಲಿ ನೆಟ್ಟಿದ್ದಾರೆ, ಅದೇ ಗಾಳಿ ಕಾರಿನ ಎದೆಗೂ ಹೊಡೆಯುತ್ತದೆ. ಪರದೆಯ ಮೇಲಿನ ಅಂಕಿ ನಮಗಿಂತ ಜೋರಾಗಿ ಓಡಿ, ಊರು ಮುಟ್ಟಿದಾಗ ಶೇ 16ಕ್ಕೆ ಬಂದು ನಿಂತಿತು. ವಾಪಸ್ ಹೋಗಲು ಅದು ಸಾಲದು. ಕರೆಂಟ್ ತಯಾರಾಗುವ ಊರಿನಲ್ಲಿ ಕರೆಂಟಿಗಾಗಿ ಸಾಕೆಟ್ ಹುಡುಕಿಕೊಂಡು ನಮ್ಮ ಷಡ್ಡಕನ ಮನೆಗೆ ಹೋದೆವು.

ಅವರ ಹಿತ್ತಲಿನಲ್ಲಿ 15 ಆಂಪಿಯರಿನ ಸಾಕೆಟ್ ಇತ್ತು, ಗಿರಣಿ ಗ್ರೈಂಡರಿಗೆಂದು ಹಾಕಿಸಿದ್ದು. ಅಳಿಯ ಡಿಕ್ಕಿಯಿಂದ ಕೇಬಲ್ ತೆಗೆದು ಚುಚ್ಚಿದ. ಕೆಂಪು ದೀಪ ಮಿಣುಕಿತು. ಕಿತ್ತು ಮತ್ತೆ ಚುಚ್ಚಿದ. ಮತ್ತೆ ಕೆಂಪು. ಕಂಪನಿಗೆ ಫೋನ್ ಹೋಯಿತು, ಪಕ್ಕದ ಮನೆಯವರು ಬಂದರು, ಕಡೆಗೆ ಪಂಪು ರಿಪೇರಿ ಮಾಡುವ ಹುಡುಗನೊಬ್ಬ ಬಂದ. ಅವನು ಕಾರಿನ ಕಡೆ ನೋಡಲೇ ಇಲ್ಲ. ಟೆಸ್ಟರ್ ಹಚ್ಚಿ, "ಅರ್ತಿಂಗ್ ಇಲ್ರಿ" ಎಂದ. ಮನೆ ಹಿಂದೆ ಅರ್ತಿಂಗ್ ಗುಂಡಿ ಇತ್ತು. ಇದ್ದಿಲು, ಉಪ್ಪು ಹಾಕಿ ಪೈಪು ಹೂತಿದ್ದರು. ಆದರೆ ನೆಲ ಒಣಗಿ ಬಿರುಕು ಬಿಟ್ಟಿತ್ತು. ಒಣ ಮಣ್ಣಿನಲ್ಲಿ ಕರೆಂಟ್ ಇಳಿಯುವುದಿಲ್ಲ, ಭೂಮಿಗೆ ದಾರಿ ಇಲ್ಲವೆಂದು ಕಂಡರೆ ಈ ಚಾರ್ಜರು ಒಂದು ಯೂನಿಟ್ಟೂ ಮುಂದಕ್ಕೆ ಬಿಡುವುದಿಲ್ಲ. ಷಡ್ಡಕನ ಹೆಂಡತಿ ಅಡಿಗೆಮನೆಯಿಂದ ಒಂದು ಹಿಡಿ ಉಪ್ಪು ತಂದರು. ಹುಡುಗ ಒಂದು ಕೊಡ ನೀರು ಕೇಳಿದ.

ಒಂದು ಕೊಡ ನೀರು, ಅದೂ ಜಗಳೂರಿನಲ್ಲಿ. ತುಂಗಭದ್ರೆಯಿಂದ ಎತ್ತಿ 57 ಕೆರೆ ತುಂಬಿಸುವ ಯೋಜನೆಯಾಗಬೇಕೆಂದು, ಭದ್ರಾ ಮೇಲ್ದಂಡೆಯ ನೀರು ಬರಬೇಕೆಂದು ಬೀದಿಗಿಳಿದ ಊರಿನವರು, ಡ್ರಮ್ಮಿನಿಂದ ನೀರು ಬಗ್ಗಿಸಿ ಮಾತಿಲ್ಲದೆ ಗುಂಡಿಗೆ ಸುರಿದರು. ಹೀರಿಕೊಳ್ಳುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು. "ನೀರಿಲ್ದೆ ಇಲ್ಲಿ ಕರೆಂಟ್ ಕಾರೂ ನಡಿಯಾಕಿಲ್ಲ ನೋಡ್ರಿ ಭಾವ" ಎಂದು ಷಡ್ಡಕ ನಕ್ಕರು. ಗಂಟೆಗೆ ಮೂರು ಯೂನಿಟ್‌ನಂತೆ ನಾಲ್ಕು ಗಂಟೆ ಬೇಕಾಯಿತು. ಅಷ್ಟರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಒಂದು ನಿದ್ದೆ, ಒಂದು ಹಳೆಯ ಜಮೀನಿನ ವ್ಯಾಜ್ಯ ಎಲ್ಲ ಮುಗಿದವು. ಹೊರಡುವಾಗ ಅಳಿಯ ಕರೆಂಟಿನ ದುಡ್ಡು ಕೊಡಲು ಹೋಗಿ ಬೈಸಿಕೊಂಡ.

ನನ್ನ ತೀರ್ಪು ಇಷ್ಟು. ಸ್ವಂತ ಮನೆ, ಸ್ವಂತ ಮೀಟರು, ದಿನಕ್ಕೆ ನೂರು ಕಿಲೋಮೀಟರಿನೊಳಗೆ ಓಡಾಟ ಇರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರು ಧಾರಾಳವಾಗಿ ಕೊಳ್ಳಬಹುದು. ಆಗಾಗ ದೂರದ ಪ್ರಯಾಣವಿರುವ ಜಗಳೂರಿನವರು ಊರಿಗೊಂದು ವೇಗದ ಚಾರ್ಜರ್ ಬರುವವರೆಗೆ ಇರುವ ಗಾಡಿಯನ್ನೇ ಇಟ್ಟುಕೊಳ್ಳುವುದು ವಾಸಿ. ಇಬ್ಬರಿಗೂ ಒಂದು ಮಾತು: ಶೋರೂಮಿನವರು ಬಣ್ಣದ ಪಟ್ಟಿ ಹಿಡಿದು ಬಂದಾಗ ಮೊದಲು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನಿಮ್ಮ ಮನೆಯ ಸಾಕೆಟ್ಟಿಗೇ ಕಾರು ಹಚ್ಚಿಸಿ ನೋಡಿ. ಮುಂಗಡ ಕೊಡುವುದು ಹಸಿರು ದೀಪ ಬಂದ ಮೇಲೆ.