ಏಳು ಕುದುರೆಗೆ ನಾಲ್ಕು ಮೊಳೆ

ಬೆಂಗಳೂರಿನ ಐಷಾರಾಮಿ ಅಪಾರ್ಟ್‌ಮೆಂಟುಗಳ ಗೇಟಿನ ಮುಂದೆ ಈಚೆಗೆ ಒಂದು ಹೊಸ ಬಗೆಯ ವ್ಯಾನು ಬಂದು ನಿಲ್ಲುತ್ತದೆ. ಅದರಿಂದ ಬಿಳಿ ಕೈಗವಸು ತೊಟ್ಟ ನಾಲ್ವರು ಇಳಿಯುತ್ತಾರೆ. ಯಾರಿಗೋ ಹಾರ್ಟ್ ಅಟ್ಯಾಕ್ ಆಯಿತೆಂದು ಸೆಕ್ಯುರಿಟಿಯವನು ಲಿಫ್ಟ್ ಹಿಡಿದು ನಿಲ್ಲಿಸುತ್ತಾನೆ. ಗಾಬರಿ ಬೇಡ. ಹದಿನಾಲ್ಕನೇ ಮಹಡಿಯ ಸಾಹೇಬರ ಹಾಲಿನಲ್ಲಿ ಒಂದು ಪಟ ನೇತುಹಾಕಲು ಬಂದವರು ಅವರು.

ಹಿಂದೆ ಈ ಕೆಲಸಕ್ಕೆ ಒಂದು ಮೊಳೆ, ಒಂದು ಸುತ್ತಿಗೆ, ಒಂದು ಅಲುಗಾಡುವ ಸ್ಟೂಲು, ಸ್ಟೂಲು ಹಿಡಿಯಲು ಒಬ್ಬ ಭಾವಮೈದ ಸಾಕಾಗಿತ್ತು. ‘ಇನ್ನೂ ಸ್ವಲ್ಪ ಎಡಕ್ಕೆ, ಅಯ್ಯೋ ಅಷ್ಟಲ್ಲ’ ಎನ್ನಲು ಇಡೀ ಮನೆ ಇರುತ್ತಿತ್ತು. ಈಗ ಮೊದಲು ಸೈಟ್ ವಿಸಿಟ್, ಆಮೇಲೆ ಕೊಟೇಶನ್, ಆಮೇಲೆ ಅಡ್ವಾನ್ಸು. ಬಂದವರು ಮೂರು ಪ್ರಶ್ನೆ ಕೇಳುತ್ತಾರೆ: ತೂಕ ಎಷ್ಟು, ಗೋಡೆ ಯಾವುದರದು, ವಿಮೆ ಎಷ್ಟಕ್ಕೆ. ಸಾಹೇಬರಿಗೆ ಕೊನೆಯದಕ್ಕೆ ಮಾತ್ರ ಉತ್ತರ ಗೊತ್ತು, ಅದೂ ಜಿಎಸ್‌ಟಿ ಸಮೇತ. ಬರೆದವರು ಯಾರು ಎಂದು ಅವರೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಹೇಳಲು ಹೋದರೆ ಅಪಾಯವೂ ಇದೆ. ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರ ರವಿವರ್ಮನದೆಂದು ಎದೆ ತಟ್ಟಿ ಹೇಳುವವರನ್ನು ಪ್ರತಿ ಮದುವೆ ಊಟದಲ್ಲೂ ಕಾಣಬಹುದು; ಅದನ್ನು ಬರೆದ ಎಸ್.ಎಲ್. ಹಲ್ದಣಕರ್ ಪಾಪ ತಮ್ಮ ದೀಪದ ಕೆಳಗಿನ ಕತ್ತಲಲ್ಲೇ ಉಳಿದರು.

ಆದರೂ ಒಂದು ಮಾತು ಒಪ್ಪಬೇಕು. ಈ ಕೈಗವಸಿನವರು ನಿಜಕ್ಕೂ ಬೇಕು. ಯಾಕೆಂದರೆ ಎರಡೂವರೆ ಕೋಟಿಗೆ ಕೊಂಡ ಫ್ಲಾಟಿನ ಗೋಡೆಗೆ ಎರಡೂವರೆ ಇಂಚಿನ ಮೊಳೆ ತಡೆಯುವ ತಾಕತ್ತಿಲ್ಲ.

ಹಳೆಯ ಮನೆಗಳಲ್ಲಿ ಗೋಡೆ ಕಟ್ಟುವಾಗಲೇ ಮರದ ಗೂಟ ಕೂರಿಸುತ್ತಿದ್ದರು. ಅಂಗಿ, ಕೊಡೆ, ಕಂಬಳಿ, ಬಾಳೆಗೊನೆ, ಮುನಿಸಿಕೊಂಡು ಬಂದ ಅಳಿಯನ ಚೀಲ, ಏನೇ ಸಿಕ್ಕಿಸಿದರೂ ಗೂಟ ಜಗ್ಗುತ್ತಿರಲಿಲ್ಲ. ಈಗಿನ ಒಳಗೋಡೆ ಎಎಸಿ ಬ್ಲಾಕಿನದು. ಸಿಮೆಂಟು, ಸುಣ್ಣ, ಹಾರುಬೂದಿಯ ಹಿಟ್ಟಿಗೆ ಚಿಟಿಕೆ ಅಲ್ಯೂಮಿನಿಯಂ ಪುಡಿ ಬೆರೆಸಿ, ಉಬ್ಬಲು ಬಿಟ್ಟು, ಹಬೆಯಲ್ಲಿ ಬೇಯಿಸಿ ತೆಗೆಯುತ್ತಾರೆ. ಅಂದರೆ ಸಾಹೇಬರು ಸಾಲ ಮಾಡಿ ಕೊಂಡಿರುವುದು ಒಂದು ತಟ್ಟೆ ಇಡ್ಲಿ. ಒಂದು ಘನ ಮೀಟರು ಹೆಚ್ಚುಕಡಿಮೆ 600 ಕಿಲೋ ತೂಗುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ. ಹಗುರ, ತಂಪು, ಬಿಲ್ಡರಿಗೆ ಲಾಭ, ಎಲ್ಲವೂ ಸರಿ. ಮೊಳೆ ಹೊಡೆದರೆ ಮಾತ್ರ ಪುಡಿ ಉದುರುತ್ತದೆ. ಅದಕ್ಕೆ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಮೆಲ್ಲಗೆ ಕೊರೆಯಬೇಕು, ಆ ಬ್ಲಾಕಿಗೆಂದೇ ಮಾಡಿದ ಉದ್ದನೆಯ ಪ್ಲಗ್ಗು ಹಾಕಬೇಕು.

ಇಡ್ಲಿ ಬೇಡವೆಂದರೆ ಮಿವಾನ್. ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಛಾವಣಿ ಎರಡನ್ನೂ ಒಂದೇ ಪಟ್ಟಿಗೆ ಕಾಂಕ್ರೀಟಿನಲ್ಲಿ ಸುರಿಯುವ ವಿದ್ಯೆ. ಅಲ್ಲಿ ಮೊಳೆ ಬಗ್ಗುತ್ತದೆ, ಹೊಡೆದವನೂ ಬಗ್ಗುತ್ತಾನೆ. ಒಳಗೆ ಕಬ್ಬಿಣ, ಕಬ್ಬಿಣದ ಪಕ್ಕ ವೈರಿನ ಪೈಪು. ಬಿಲ್ಡರು ಕೊಟ್ಟ ನಕ್ಷೆಯಲ್ಲಿ ಪೈಪು ಒಂದು ದಾರಿ ಹಿಡಿದರೆ, ಅವತ್ತು ಸಂಜೆ ಬೇಗ ಮನೆಗೆ ಹೋಗಬೇಕಿದ್ದ ಎಲೆಕ್ಟ್ರಿಷಿಯನ್ ಇನ್ನೊಂದು ದಾರಿ ಹಿಡಿದಿರುತ್ತಾನೆ. ಆದ್ದರಿಂದ ಕೈಗವಸಿನವರು ಗೋಡೆಯ ಮೇಲೆ ಡಿಟೆಕ್ಟರ್ ಆಡಿಸುತ್ತಾ ಬೆಸ್ಕಾಂ ಎಲ್ಲಿ, ಕಾವೇರಿ ಎಲ್ಲಿ ಎಂದು ಕಣಿ ಹೇಳಬೇಕು. ಗೋಡೆಯಾಚೆ ಬಚ್ಚಲಿದ್ದು ಕೊರೆಯುವುದು ಅರ್ಧ ಇಂಚು ತಪ್ಪಿದರೆ ಕೆಳಗಿನ ಮನೆಯ ಸೀಲಿಂಗಿನಲ್ಲೊಂದು ಅಮೂರ್ತ ಜಲವರ್ಣ ಮೂಡುತ್ತದೆ. ಅದಕ್ಕೆ ಸಹಿ ಹಾಕಲು ಯಾವ ಕಲಾವಿದನೂ ಮುಂದೆ ಬರುವುದಿಲ್ಲ, ಅಸೋಸಿಯೇಷನ್ನಿನ ನೋಟಿಸು ಮಾತ್ರ ಬರುತ್ತದೆ.

ಅಂದ ಹಾಗೆ ಗೋಡೆಯ ಪ್ಲಗ್ಗು ಹುಟ್ಟಿದ್ದೂ ಕಲೆಯ ಮನೆಯಲ್ಲೇ. 1911ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆಗೆ ಗಾಯವಾಗದಂತೆ ವಿದ್ಯುತ್ ಸಾಮಾನು ಕೂರಿಸಬೇಕಿತ್ತು. ಜಾನ್ ರಾಲಿಂಗ್ಸ್ ಎಂಬ ಗುತ್ತಿಗೆದಾರ ಸೆಣಬಿನ ನಾರನ್ನು ಪ್ರಾಣಿರಕ್ತದಲ್ಲಿ ಅಂಟಿಸಿ ಪುಟ್ಟ ಕೊಳವೆ ಮಾಡಿದ. ರಾಲ್‌ಪ್ಲಗ್ ಎಂದು ನಮ್ಮ ಹಾರ್ಡ್‌ವೇರ್ ಅಂಗಡಿಯವರು ಇವತ್ತಿಗೂ ಕರೆಯುವುದು ಅದನ್ನೇ. ‘ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬೋರ್ಡು ಹಾಕಿಕೊಂಡಿರುವ ನಮ್ಮ ಬಡಾವಣೆಗಳು ಬೆಚ್ಚಬೇಕಿಲ್ಲ: 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನಿನ ಪ್ಲಗ್ಗು ತಂದು ಎಲ್ಲರ ಗೋಡೆಯ ಮಡಿ ಉಳಿಸಿದ.

ಗೋಡೆಯ ಗಂಡಾಂತರ ದಾಟಿದ ಮೇಲೆ ವಾಸ್ತುತಜ್ಞರ ಪ್ರವೇಶ. ನಮ್ಮ ಸಾಹೇಬರ ಪಟ ಏಳು ಬಿಳಿ ಕುದುರೆಗಳದು, ಲೋಹದ ಉಬ್ಬುಕೆತ್ತನೆ. ಇಬ್ಬರು ಹಿಡಿದರೆ ಏಳದು, ಮೂವರು ಹಿಡಿದರೆ ಬಾಗಿಲು ದಾಟದು. ವಾಸ್ತುಶಾಸ್ತ್ರದ ಪ್ರಕಾರ ಭಾರ ನೈಋತ್ಯಕ್ಕೆ, ಈಶಾನ್ಯ ಹಗುರ. ಆದರೆ ನೈಋತ್ಯದಲ್ಲಿರುವುದು ನೆಲದಿಂದ ಛಾವಣಿಯವರೆಗೂ ಗಾಜು, ಅದರಾಚೆ ಕೆರೆ, ಕೆರೆಯಾಚೆ ಕೆರೆ ಮುಚ್ಚಿ ಕಟ್ಟಿದ ಇದೇ ಬಿಲ್ಡರಿನ ಎರಡನೇ ಹಂತ. ಕುದುರೆ ಪೂರ್ವಕ್ಕೆ ಎಂದು ಒಬ್ಬರು, ದಕ್ಷಿಣಕ್ಕೆ ಎಂದು ಇನ್ನೊಬ್ಬರು. ಬಾಗಿಲ ಕಡೆಗೆ ಓಡುತ್ತಿರಬಾರದು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ದುಡ್ಡು ಬೆನ್ನೇರಿ ಹೊರಟುಹೋಗುತ್ತದಂತೆ. ನಲವತ್ತು ಕಿಲೋ ಲೋಹವನ್ನು ಗೋಡೆಗೆ ಬಿಗಿದ ಮೇಲೂ ಓಡಿಹೋಗಬಲ್ಲ ಕುದುರೆಯಿದ್ದರೆ ಅದನ್ನು ಗೋಡೆಯ ಮೇಲೇಕೆ ಇಡಬೇಕು, ರೇಸ್ ಕೋರ್ಸಿಗೇ ಬಿಡಬಹುದಲ್ಲ?

ಪೂಜಾಕೋಣೆಯ ಮಗ್ಗುಲಿಗೆ ತಂಜಾವೂರು ಚಿತ್ರ ಬರುತ್ತದೆ. ಮರದ ಹಲಗೆ, ಅದರ ಮೇಲೆ ಬಟ್ಟೆ, ಸುಣ್ಣ-ಗೋಂದಿನ ಉಬ್ಬು, ಉಬ್ಬಿನ ಮೇಲೆ ಬಂಗಾರದ ರೇಕು, ನಡುನಡುವೆ ಗಾಜಿನ ಹರಳು, ಸುತ್ತ ತೇಗದ ಚೌಕಟ್ಟು. ಮೈಸೂರು ಶೈಲಿಯವರು ಅದೇ ಉಬ್ಬನ್ನು ಬೆರಳಿಗೆ ತಗಲೀತೇ ಹೊರತು ಕಣ್ಣಿಗೆ ಚುಚ್ಚದಷ್ಟು ತೆಳುವಾಗಿ ಎತ್ತುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಆ ಸಂಕೋಚಕ್ಕೆ 2005ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ಸಂಕೋಚ ಹದಿನೈದು ಅಡಿ ದೂರದ ಸೋಫಾಕ್ಕೆ ಕಾಣುವುದಿಲ್ಲ. ಹಾಗಾಗಿ ತಂಜಾವೂರೇ ಬೇಕು, ಅದೂ ನಾಲ್ಕಡಿಯದು. ಮಳೆಗಾಲದಲ್ಲಿ ತೇವ ಕುಡಿಯುವ ಹೊರಗೋಡೆಗೆ ಹಾಕಿದರೆ ಹಲಗೆ ಉಬ್ಬಿ ಲೇಪ ಬಿರಿಯುತ್ತದೆ, ದೀಪದ ಹೊಗೆಗೆ ಬಂಗಾರ ಮಂಕಾಗುತ್ತದೆ ಎಂದು ಕೈಗವಸಿನವರು ಹೇಳುತ್ತಾರೆ. ಆದ್ದರಿಂದ ಚಿತ್ರದೊಳಗಿನ ಬಾಲಕೃಷ್ಣನ ಮುಂದೆ ದೀಪ ಹಚ್ಚುವಂತಿಲ್ಲ. ಅವನಿಗೀಗ ಎಲ್‌ಇಡಿ.

ಇನ್ನು ಎತ್ತರದ ಜಗಳ. ಚಿತ್ರದ ನಡು ನೆಲದಿಂದ 57 ಇಂಚಿಗೆ, ಅಂದರೆ ನಿಂತವರ ಕಣ್ಣಿನ ಮಟ್ಟಕ್ಕೆ ಬರಲಿ ಎಂಬುದು ಗ್ಯಾಲರಿಗಳ ವಾಡಿಕೆ. ನಮ್ಮಲ್ಲಿ ಪಟಗಳು ತೊಲೆಯ ಮಗ್ಗುಲಲ್ಲಿ, ಮುಂದಕ್ಕೆ ವಾಲಿಕೊಂಡು ಇರುತ್ತಿದ್ದವು. ಅಜ್ಜ, ಮುತ್ತಜ್ಜ, ಗಾಂಧಿ, ಮಹಾರಾಜರು ಗಂಧದ ಹಾರ ಹಾಕಿಸಿಕೊಂಡು, ಯಾರು ಎಷ್ಟು ಮುದ್ದೆ ನುಂಗಿದರು ಎಂದು ಮೇಲಿಂದಲೇ ಲೆಕ್ಕ ಇಡುತ್ತಿದ್ದರು. ವಾಲಿಸಿದ್ದರಿಂದ ಗಾಜಿನ ಮೇಲೆ ಬೆಳಕು ಹೊಳೆದು ಮುಖ ಮರೆಯಾಗುತ್ತಿರಲಿಲ್ಲ, ಧೂಳೂ ಕಮ್ಮಿ. ಅದನ್ನು ಯಾವ ಕನ್ಸಲ್ಟೆಂಟೂ ಹೇಳಿಕೊಟ್ಟಿರಲಿಲ್ಲ. ಈಗ ಅಜ್ಜ ಇಂಟೀರಿಯರಿಗೆ ಹೊಂದುವುದಿಲ್ಲವಾಗಿ ಕ್ಲೌಡಿಗೆ ಏರಿದ್ದಾರೆ. ಒಂದು ಲೆಕ್ಕಕ್ಕೆ ಸ್ವರ್ಗವೇ.

ನೇತುಹಾಕುವ ತಂತಿಯಲ್ಲೂ ಲೆಕ್ಕವಿದೆ. ಒಂದೇ ಮೊಳೆಗೆ ತಂತಿ ಸಿಕ್ಕಿಸಿದಾಗ ಅದರ ಎರಡು ಎಳೆ ಅಡ್ಡರೇಖೆಗೆ 30 ಡಿಗ್ರಿ ಇಳಿಜಾರಿದ್ದರೆ, 20 ಕಿಲೋ ಪಟ ಒಂದೊಂದು ಎಳೆಯನ್ನೂ 20 ಕಿಲೋ ಜಗ್ಗುತ್ತದೆ. ಮೊಳೆ ಕಾಣದಿರಲಿ ಎಂದು ತಂತಿಯನ್ನು ಬಿಗಿದು 15 ಡಿಗ್ರಿಗೆ ತಂದರೆ ಜಗ್ಗಾಟ 39 ಕಿಲೋ ಮುಟ್ಟುತ್ತದೆ. ಅದಕ್ಕೇ ಬಲ್ಲವರು ಭಾರದ ಪಟಕ್ಕೆ ತಂತಿ ಬಿಟ್ಟು, ಓರೆಯಾಗಿ ಸೀಳಿದ ಎರಡು ಪಟ್ಟಿ ಒಂದಕ್ಕೊಂದು ಕಚ್ಚುವ ಫ್ರೆಂಚ್ ಕ್ಲೀಟ್ ಹಾಕುತ್ತಾರೆ. ಕಳ್ಳರಿಗೆ ಪ್ರತ್ಯೇಕ ಸ್ಕ್ರೂ. 1911ರ ಆಗಸ್ಟಿನಲ್ಲಿ ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಮೊನಾಲಿಸಾ ತೂಗುತ್ತಿದ್ದದ್ದು ಬರೀ ನಾಲ್ಕು ಕೊಕ್ಕೆಗಳಿಗೆ. ಅಲ್ಲಿ ಗಾಜಿನ ಪೆಟ್ಟಿಗೆಯ ಕೆಲಸ ಮಾಡಿದ್ದ ವಿಚೆಂಜೊ ಪೆರುಜಿಯಾ ಇಳಿಸಿಕೊಂಡು ನಡೆದುಬಿಟ್ಟ. ಆಮೇಲೆ ಜನ ಸಾಲುಗಟ್ಟಿ ಬಂದು ಬೋಳು ಗೋಡೆಯನ್ನು ನೋಡಿದರು. ಬೋಳು ಗೋಡೆಗಾದರೂ ಪ್ರೇಕ್ಷಕರು! ಸಾಹೇಬರ ಕುದುರೆಗಳ ಎದುರು ಎಂಬತ್ತೈದು ಇಂಚಿನ ಟಿವಿಯಿದೆ. ಸೋಫಾ ತಿರುಗಿರುವುದು ಟಿವಿಗೆ. ಕುದುರೆಗಳನ್ನು ದಿನಾ ನೋಡುವವಳು ಕೆಲಸದ ನಿಂಗಮ್ಮ, ಧೂಳು ಹೊಡೆಯಲು. ಅವಳಿಗೂ ‘ಮುಟ್ಟಬೇಡ’ ಎಂಬ ಆಜ್ಞೆಯಾಗಿದೆ.

ನೋಡುವವರಿಲ್ಲದ ಗೋಡೆಗೆ ಬೆಲೆ ಬರುವುದಿಲ್ಲವೆಂದು ತಿಳಿಯಬೇಡಿ. ಚಿತ್ರಕಾರ ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’, ಹದಿನಾಲ್ಕು ಅಡಿಯ ಚಿತ್ರ, ನಾರ್ವೆಯ ಆಸ್ಲೋದ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ ದಶಕಗಳ ಕಾಲ ಸದ್ದಿಲ್ಲದೆ ತೂಗುತ್ತಿತ್ತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.37 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ತೂಕಕ್ಕೂ ಬೆಲೆಗೂ ಸಂಬಂಧವಿದೆ ಅನ್ನುವವರು ಮೌರಿಜಿಯೊ ಕಾಟೆಲನ್‌ನ ಬಾಳೆಹಣ್ಣನ್ನು ನೆನೆಯಬೇಕು. ಬೂದುಬಣ್ಣದ ಟೇಪಿನಲ್ಲಿ ಗೋಡೆಗೆ ಅಂಟಿಸಿದ ಒಂದೇ ಒಂದು ಹಣ್ಣು, 2024ರಲ್ಲಿ 62 ಲಕ್ಷ ಡಾಲರ್. ಹೇಗೆ ಅಂಟಿಸಬೇಕೆಂದು ಸೂಚನಾಪತ್ರವೂ ಜೊತೆಗೆ ಬರುತ್ತದೆ. ಕೊಂಡವನು ಹಣ್ಣನ್ನು ತಿಂದೇಬಿಟ್ಟ. ದುಬಾರಿ ಕಲೆಯೊಂದನ್ನು ಕೊಂಡವನೇ ಮನಸಾರೆ ಆಸ್ವಾದಿಸಿದ್ದು ನನಗೆ ತಿಳಿದಂತೆ ಇದೊಂದೇ.

ಬಾಡಿಗೆದಾರರಿಗೆ ಈ ಚಿಂತೆಯಿಲ್ಲ. ಅವರ ಅಗ್ರಿಮೆಂಟಿನಲ್ಲಿ ಮೊಳೆಯೇ ನಿಷಿದ್ಧ. ಅಂಟುಕೊಕ್ಕೆ ಹಚ್ಚಿ, ನಡುರಾತ್ರಿ ‘ಧಡ್’ ಎಂದಾಗ ಕಳ್ಳನೋ ಕಲೆಯೋ ಎಂದು ಎದ್ದು ನೋಡಿ ಮಲಗುತ್ತಾರೆ. ಮೊಳೆ ಹೊಡೆಯದಿದ್ದರೂ ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ ಮಾಲೀಕರು. ಬೆಂಗಳೂರಿನಲ್ಲಿ ಪೇಂಟಿಂಗಿಗೆ ತಪ್ಪದೆ ದುಡ್ಡು ಕೊಡುವ ರಸಿಕರು ಇವರೇ.

ಮಲೆನಾಡಿನ ದೀವರ ಹೆಣ್ಣುಮಕ್ಕಳು ಈ ಇಡೀ ಉದ್ಯಮಕ್ಕೆ ಕೆಲಸವಿಲ್ಲದಂತೆ ಮಾಡಿದ್ದರು. ಮದುವೆಯ ಹಸೆಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಬಿಳಿ, ಹುರಿದಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ನೇರ ಗೋಡೆಯ ಮೇಲೇ ಚಿತ್ತಾರ ಬರೆಯುತ್ತಿದ್ದರು. ಕೊಕ್ಕೆ, ಕ್ಲೀಟ್, ವಿಮೆ ಒಂದೂ ಇಲ್ಲ. ಬೀಳಲು ಚಿತ್ರವೇ ಗೋಡೆಯಿಂದ ಬೇರೆಯಾಗಿರಲಿಲ್ಲ. ಈಗ ಅದೇ ಚಿತ್ತಾರ ಗಾಜು ಹೊದ್ದು, ಕಟ್ಟು ಹಾಕಿಸಿಕೊಂಡು ಹದಿನಾಲ್ಕನೇ ಮಹಡಿಗೆ ಬಂದಿದೆ. ಗೋಡೆಯ ಚಿತ್ರವನ್ನು ಗೋಡೆಗೆ ಹತ್ತಿಸಲು ಲೇಸರ್ ಲೆವೆಲ್ ಹಿಡಿದ ನಾಲ್ವರು!

ಕೊನೆಗೆ ಡೈನಿಂಗ್ ಹಾಲಿನ ಅಮೂರ್ತ ಚಿತ್ರ ಉಳಿಯಿತು. ಅಮೂರ್ತ ಕಲಾವಿದ ಮೊಂಡ್ರಿಯಾನನ ಟೇಪಿನ ಚಿತ್ರವೊಂದು ದಶಕಗಟ್ಟಲೆ ತಲೆಕೆಳಗಾಗಿ ತೂಗುತ್ತಿದೆಯೆಂದು ಜರ್ಮನಿಯ ಡ್ಯುಸೆಲ್‌ಡಾರ್ಫಿನ ಮ್ಯೂಸಿಯಮ್ಮಿನವರಿಗೆ 2022ರಲ್ಲಿ ಹೊಳೆಯಿತು. ತಿರುಗಿಸಿದರೆ ಟೇಪು ಕಿತ್ತುಬಂದೀತೆಂದು ಹಾಗೇ ಬಿಟ್ಟರು. ಅಂಥ ಅನಾಹುತ ಬೇಡವೆಂದು ಕೈಗವಸಿನ ಮೇಸ್ತ್ರಿ ಕೇಳಿದ: ‘ಮೇಲೆ ಯಾವ ಕಡೆ ಸಾರ್?’ ಸಾಹೇಬರು ಮೇಡಂ ಮುಖ ನೋಡಿದರು. ಮೇಡಂ ಫೋಟೊ ತೆಗೆದು ಇಂಟೀರಿಯರ್ ಡಿಸೈನರಿಗೆ ಕಳಿಸಿದರು. ಕ್ಷಣದಲ್ಲಿ ಉತ್ತರ ಬಂತು: ‘ಕಿತ್ತಳೆ ಬಣ್ಣ ಕೆಳಗೆ ಬರಲಿ, ಕುರ್ಚಿಗೆ ಮ್ಯಾಚ್ ಆಗುತ್ತೆ.’

‘ಹಾಗೆ ಹಾಕಿದರೆ ಸಹಿ ತಲೆಕೆಳಗಾಗಿ ಮೇಲಕ್ಕೆ ಹೋಗುತ್ತಲ್ಲ ಮೇಡಂ?’

‘ಹೋಗಲಿ ಬಿಡಪ್ಪ, ಪಿಕ್ಚರ್ ಲೈಟು ಅಲ್ಲೇ ತಾನೇ ಬರೋದು? ಮುಚ್ಚಿಹೋಗುತ್ತೆ.’