ಬ್ಯಾಗ್ ಇತ್ಲಾಗ್ ಕೊಡಿ

ಬೇಲಿಯಾಚೆ ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದ ಅಕ್ಕ ಬೆಳಿಗ್ಗೆಯೇ ಪೇಪರಿನ ಸುದ್ದಿ ಎತ್ತಿದರು. ಯಾರೋ ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ, ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ, ನಿವೃತ್ತರೊಬ್ಬರು ಕೂಡಿಟ್ಟ ದುಡ್ಡನ್ನೆಲ್ಲ ಬಳಿದುಕೊಂಡ ಸುದ್ದಿ. “ಹ್ವಾಯ್, ಇನ್ ಯಾರ್‌ನೂ ನಂಬುಕ್ ಆತಿಲ್ಲ ಕಾಣಿ” ಅಂದರು.

“ಅಕ್ಕಾ, ನೀವು ಬಸ್ಸು ಹತ್ತದೆ ಎಷ್ಟು ಸಮಯ ಆಯ್ತು?” ಅಂತ ಕೇಳಿದೆ. ಮಗ ಕಾರು ತೆಗೆದ ಮೇಲೆ ಹತ್ತಿಯೇ ಇಲ್ಲವಂತೆ. ನನಗೆ ಅನ್ನಿಸುವುದು ಇಷ್ಟೇ: ಮೋಸ ಮಾಡುವವನು ನಾವು ಮನೆಯೊಳಗೆ ಒಬ್ಬರೇ ಇರುವಾಗ ಫೋನಿನಲ್ಲಿ ಬರುತ್ತಾನೆ. ಒಳ್ಳೆಯವರು ಸಿಗುವುದು ಹೊರಗೆ, ನಾಲ್ಕು ಜನರ ನಡುವೆ. ಹೊರಗೆ ಹೋಗುವುದನ್ನೇ ಬಿಟ್ಟರೆ ನಮಗೆ ಉಳಿಯುವುದು ಮೊದಲನೆಯವನ ಪರಿಚಯ ಮಾತ್ರ.

ಕುಂದಾಪುರದ ಕಡೆ ಹೋಗುವ ಬಸ್ಸು ನಮ್ಮ ಬಿಜೂರಿಗೆ ಬರುವಷ್ಟರಲ್ಲೇ ತುಂಬಿರುತ್ತದೆ. ನಿಂತವರ ಕೈಚೀಲವನ್ನು ಕೂತವರು “ಬ್ಯಾಗ್ ಇತ್ಲಾಗ್ ಕೊಡಿ” ಅಂತ ತಾವಾಗಿಯೇ ಇಸಕೊಂಡು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಹಿಂಬದಿಯಲ್ಲಿ ಸಿಕ್ಕಿಬಿದ್ದವನ ನೂರರ ನೋಟು ನಾಲ್ಕೈದು ಕೈ ದಾಟಿ ಕಂಡಕ್ಟರಿಗೆ ಮುಟ್ಟುತ್ತದೆ, ಟಿಕೆಟ್ಟೂ ಚಿಲ್ಲರೆಯೂ ಅದೇ ಕೈಗಳಲ್ಲಿ ತಿರುಗಿ ಬರುತ್ತವೆ. ನಡುವೆ ಯಾರೂ ಎಣಿಸುವುದಿಲ್ಲ.

ಮೊನ್ನೆ ನಾವುಂದದಲ್ಲಿ ಒಬ್ಬಳು ಕೂಸು ಎತ್ತಿಕೊಂಡು ಹತ್ತಿದಳು. ಕಿಟಕಿ ಪಕ್ಕದ ಅಜ್ಜ ಎರಡೂ ಕೈ ಚಾಚಿದರು. ಅವಳು ಮುಖ ಕೂಡ ಸರಿಯಾಗಿ ನೋಡದೆ ಕೂಸನ್ನು ಕೊಟ್ಟುಬಿಟ್ಟಳು! ಅದು ಅಜ್ಜನ ಕನ್ನಡಕ ಎಳೆಯಿತು. ಅವರು ಕನ್ನಡಕ ತೆಗೆದು ಕಿಸೆಗೆ ಹಾಕಿ, ಅದರ ಖಾಲಿ ಪೆಟ್ಟಿಗೆಯನ್ನು ಆಡಲು ಕೊಟ್ಟರು. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು ಬಂದಾಗ ಕೂಸನ್ನು ಎತ್ತಿ ತೋರಿಸಿದರು. ಹೆಮ್ಮಾಡಿಯಲ್ಲಿ ತಾಯಿ ಕೂಸನ್ನು ಇಸಕೊಂಡು ಇಳಿದಳು. ನಮ್ಮ ಊರಲ್ಲಿ ಯಾರು ಎದುರಾದರೂ ಮೊದಲು ಕೇಳುವುದು “ಮನಿ ಎಲ್ಲಾಯ್ತ್?” ಅಂತ. ಅಷ್ಟು ಹೊತ್ತಿನಲ್ಲಿ ಅಜ್ಜ ಅದನ್ನೂ ಕೇಳಲಿಲ್ಲ.

ನಮ್ಮ ರೈಲ್ವೆ ಸ್ಟೇಷನ್ನಿನ ಕಥೆಯೂ ಹಾಗೆಯೇ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಹಾದಿಯಲ್ಲಿ ಸೇನಾಪುರಕ್ಕೂ ಬೈಂದೂರಿಗೂ ನಡುವೆ ನಮ್ಮದೊಂದು ಸಣ್ಣ ಸ್ಟೇಷನ್. ಮಳೆಗಾಲದ ಸಂಜೆ ಇಳಿದರೆ ರಿಕ್ಷಾ ಸಿಗುವ ಖಾತ್ರಿ ಇಲ್ಲ. ಆದರೆ ಯಾವುದಾದರೂ ಬೈಕಿನವನು “ಹೈವೇ ತನಕ ಬಿಡ್ತೆ, ಕೂತ್ಕಣಿ” ಅನ್ನುವುದುಂಟು.

ಉಪ್ಪುಂದದ ಕಡಲಲ್ಲಿ ಕೈರಂಪಣಿ ಬಲೆ ಎಳೆಯುವಾಗ ನೋಡಿದ್ದೀರಲ್ಲ ಅಕ್ಕಾ, ಹಗ್ಗಕ್ಕೆ ಕೈ ಹಾಕಿದ ದಾರಿಹೋಕನನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಕೂಲಿ ಕೆಲಸದ ಕಟಪಾಡಿಯ ರವಿ ಕೃಷ್ಣಾಷ್ಟಮಿಗೆ ವೇಷ ಹಾಕಿ, ಡಬ್ಬಿ ಹಿಡಿದು, ಯಾರದೋ ಕಾಯಿಲೆಯ ಮಕ್ಕಳಿಗಾಗಿ ಲಕ್ಷಗಟ್ಟಲೆ ಒಟ್ಟು ಮಾಡಿದ್ದನ್ನು ಎಲ್ಲರೂ ಹೊಗಳುತ್ತೇವೆ, ಹೊಗಳಬೇಕಾದ್ದೇ. ಆ ಡಬ್ಬಿಗೆ ಹತ್ತು, ಇಪ್ಪತ್ತು ಹಾಕಿ ಹೆಸರು ಹೇಳದೆ ಹೋದವರೂ ನನಗೆ ಅಷ್ಟೇ ದೊಡ್ಡವರು.

ಹೈವೇಯಲ್ಲಿ ಬಿದ್ದವರನ್ನು ಎತ್ತಲು ಮಾತ್ರ ಜನ ಇನ್ನೂ ಹಿಂದೆ ಮುಂದೆ ನೋಡುತ್ತಾರೆ, ಪೊಲೀಸು, ಕೋರ್ಟು ಅಂತ. ಹೆದರಬೇಕಾಗಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೇ ನೆರವಾದವರಿಗೆ ರಕ್ಷಣೆ ಇದೆ. ಹೆಸರು ಹೇಳು ಅಂತ ಒತ್ತಾಯಿಸುವ ಹಾಗಿಲ್ಲ. ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಬರೆದು ಹಾಕಬೇಕು.

ಅಕ್ಕ ಮೊಗ್ಗಿನ ಬುಟ್ಟಿ ಬೇಲಿ ಗೂಟದ ಮೇಲಿಟ್ಟು ಕೇಳಿದರು: “ಸೋಮವಾರ ಕುಂದಾಪ್ರಕ್ಕೆ ಡಾಕ್ಟ್ರತ್ರ ಹೋಯ್ಕ್. ಮಗ ರಜೆ ಹಾಕ್ತೆ ಅಂತ. ಎಂತಕೆ, ನಾ ಬಸ್ಸಂಗೇ ಹೋತೆ. ಬೆಳಿಗ್ಗಿ ಬಸ್ ಎಷ್ಟೊತ್ತಿಗೆ?”